ಮೌನವ್ರತದ ಅಕ್ಷರಗಳು

ಇಂಗ್ಲಿಷ್ ಕಾಗುಣಿತವನ್ನು ಕಂಡು ನಗದ ಕನ್ನಡ ವಿದ್ಯಾರ್ಥಿಯಿಲ್ಲ. ಅದನ್ನು ಕಲಿಯುವಾಗ ಕಣ್ಣೀರು ಹಾಕದವನೂ ವಿರಳ. ಬರೆದುದನ್ನೆಲ್ಲ ಬಾಯಲ್ಲಿ ಆಡಬೇಕೆಂದು ಅಕ್ಷರಾಭ್ಯಾಸದಂದೇ ತಿಳಿದು ಬಂದ ಮಗುವಿಗೆ, ‘ನೈಫ್’ ಎಂಬ ಚಾಕುವಿನ ತುದಿಯಲ್ಲಿ ‘ಕೆ’ ಎಂಬುದೊಂದು ಅಕ್ಷರವಿದೆ, ಅದನ್ನು ಬರೆಯಬೇಕು, ನುಡಿಯಬಾರದು ಎಂದರೆ ಅದು ಏನೆಂದುಕೊಳ್ಳಬೇಕು? ‘ಲ್ಯಾಮ್’ನ ಕೊನೆಯಲ್ಲಿ ‘ಬಿ’, ‘ಕಾಮ್’ನ ನಡುವೆ ‘ಎಲ್’, ‘ರೈಟ್’ನ ಮೊದಲಲ್ಲಿ ‘ಡಬ್ಲ್ಯು’. ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕುಳಿತು, ಯಾರೊಡನೆಯೂ ಮಾತಾಡದೆ ಎದ್ದು ಹೋಗುವ ನೆಂಟರಂತೆ ಇವು.

‘ಬಲ್ಲೆ’ ಎಂಬರ್ಥದ ‘ನೋ’ ಬೇರೆ, ‘ಇಲ್ಲ’ ಎಂಬರ್ಥದ ‘ನೋ’ ಬೇರೆ. ಕಿವಿಗೆ ಮಾತ್ರ ಎರಡೂ ಒಂದೇ. ಬಲ್ಲವನಿಗೂ ಇಲ್ಲವೆನ್ನುವವನಿಗೂ ಇರುವ ಅಂತರವೆಲ್ಲ ಎರಡು ಮೌನಾಕ್ಷರಗಳಲ್ಲಿ ಅಡಗಿದೆ! ಸರದಿಯ ಸಾಲಿಗೆ ‘ಕ್ಯೂ’ ಎನ್ನುತ್ತಾರಷ್ಟೆ. ಅದನ್ನು ಬರೆದು ನೋಡಿದರೆ, ಎಲ್ಲಕ್ಕೂ ಮುಂದೆ ನಿಂತ ‘ಕ್ಯೂ’ ಅಕ್ಷರವೊಂದೇ ಕೆಲಸ ಮುಗಿಸಿಬಿಡುತ್ತದೆ. ಅದರ ಬೆನ್ನಿಗೆ ನಾಲ್ಕು ಅಕ್ಷರಗಳು ಎಂದೂ ಬಾರದ ಸರದಿಗಾಗಿ ಕಾದು ನಿಂತಿವೆ.

ನಗುವುದು ತಪ್ಪಲ್ಲ. ಆದರೆ ನಕ್ಕು ಕೈಬಿಟ್ಟರೆ ಈ ಮೌನಿಗಳ ಪೂರ್ವಾಶ್ರಮ ನಮಗೆ ತಿಳಿಯುವುದಿಲ್ಲ. ಅವರಲ್ಲಿ ಎರಡು ಪಂಗಡಗಳುಂಟು. ಮೊದಲನೆಯ ಪಂಗಡದವರು ಒಂದು ಕಾಲಕ್ಕೆ ಮಾತನಾಡುತ್ತಿದ್ದವರೇ. ವೀರಯೋಧನೆಂಬರ್ಥದ ‘ನೈಟ್’ ಶಬ್ದ ಪ್ರಾಚೀನ ಇಂಗ್ಲಿಷಿನಲ್ಲಿ ಹೆಚ್ಚು ಕಡಮೆ ‘ಕ್ನಿಹ್ಟ್’ ಎಂದಿತ್ತು. ಮೊದಲ ಕಕಾರವೂ ನಡುವಿನ ಗಂಟಲ ಹಕಾರವೂ ಕಿವಿಗೆ ಸ್ಪಷ್ಟವಾಗಿ ಕೇಳುತ್ತಿದ್ದವು. ಸೋದರಭಾಷೆಯಾದ ಜರ್ಮನ್ನಿನಲ್ಲಿ ಮೊಣಕಾಲಿಗೆ ಇಂದಿಗೂ ‘ಕ್ನೀ’ ಎಂದೇ ಹೆಸರು. ೧೪೭೬ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟವನ್ನು ತೆರೆದ. ಅಚ್ಚಿನ ಮೊಳೆ ಶಬ್ದದ ರೂಪವನ್ನು ಕ್ರಮಕ್ರಮವಾಗಿ ಕಟ್ಟಿ ನಿಲ್ಲಿಸಿತು. ನಾಲಗೆ ಮಾತ್ರ ಯಾರ ಕಟ್ಟಿಗೂ ಸಿಲುಕದೆ ಮುಂದೆ ನಡೆಯಿತು.

ಎರಡನೆಯ ಪಂಗಡದವರು ಎಂದೂ ಬಾಯಿಬಿಟ್ಟವರಲ್ಲ. ಸಾಲವೆಂಬರ್ಥದ ‘ಡೆಟ್’ ಫ್ರೆಂಚಿನಿಂದ ಬಂದಾಗ ಅದರಲ್ಲಿ ‘ಬಿ’ ಇರಲಿಲ್ಲ. ಆಮೇಲೆ ಪಂಡಿತರು ಲ್ಯಾಟಿನ್ನಿನ ‘ಡೆಬಿಟುಮ್’ ಎಂಬ ಮೂಲವನ್ನು ನೆನೆದು, ಗೋತ್ರಪ್ರವರವನ್ನು ತೋರಿಸಲೆಂದು ಒಂದು ‘ಬಿ’ಯನ್ನು ನಡುವೆ ಕೂರಿಸಿದರು. ಸಾಲಕ್ಕೂ ಸಾಲ ತಂದ ಅಕ್ಷರ! ‘ರಿಸೀಟ್’ಗೂ ಹೀಗೆಯೇ ಒಂದು ‘ಪಿ’ ದಕ್ಕಿತು. ವಂಚನೆ ಎಂಬರ್ಥದ ‘ಡಿಸೀಟ್’ ಕೂಡ ಅದೇ ಮನೆತನದ್ದು. ಅದಕ್ಕೆ ‘ಪಿ’ ದೊರೆಯಲಿಲ್ಲ. ವಂಚನೆಗೆ ರಸೀದಿ ಕೊಡುವವರುಂಟೆ? ದ್ವೀಪವೆಂಬರ್ಥದ ‘ಐಲೆಂಡ್’ ಅಪ್ಪಟ ದೇಶೀಯ ಶಬ್ದ. ಲ್ಯಾಟಿನ್ ಮೂಲದ ‘ಐಲ್’ ಶಬ್ದದೊಡನೆ ಇಲ್ಲದ ನಂಟನ್ನು ಕಲ್ಪಿಸಿ ಅದಕ್ಕೊಂದು ‘ಎಸ್’ ತೊಡಿಸಿದರು.

ಈ ಪಾಂಡಿತ್ಯವನ್ನು ಕಂಡು ಮೊದಲು ನಕ್ಕವರು ನಾವಲ್ಲ. ೧೫೯೮ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ಹೋಲೊಫರ್ನಿಸ್ ಎಂಬ ಉಪಾಧ್ಯಾಯನಿದ್ದಾನೆ. ‘ಡೆಟ್’, ‘ಡೌಟ್’ ಶಬ್ದಗಳ ‘ಬಿ’ಯನ್ನು ಉಚ್ಚರಿಸದವರ ಮೇಲೆ ಆತ ಕಿಡಿಕಾರುತ್ತಾನೆ. ನಾಲ್ಕು ನೂರು ವರ್ಷಗಳ ಹಿಂದೆಯೇ ರಂಗಭೂಮಿಯಲ್ಲಿ ನಗೆಗೀಡಾದ ಈ ಮಹನೀಯನ ಸಂತತಿ ನಮ್ಮ ಶಾಲೆಗಳಲ್ಲಿ ಇನ್ನೂ ಅಳಿದಿಲ್ಲ.

ಹಾಗಾದರೆ ಈ ಅಕ್ಷರಗಳನ್ನು ಕಿತ್ತೊಗೆಯಬಾರದೆ? ಯತ್ನಗಳೇನೋ ನಡೆದವು. ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ೧೯೦೬ರಲ್ಲಿ ಮುನ್ನೂರು ಶಬ್ದಗಳ ಸರಳ ರೂಪವನ್ನು ಸರ್ಕಾರಿ ಮುದ್ರಣಾಲಯದ ಮೇಲೆ ಹೇರಿದರು. ಅದೇ ವರ್ಷ ಡಿಸೆಂಬರಿನೊಳಗೆ ಶಾಸನಸಭೆಯ ವಿರೋಧಕ್ಕೆ ಮಣಿದರು. ಜಿ-ಎಚ್-ಓ-ಟಿ-ಐ ಎಂದು ಬರೆದು ‘ಫಿಶ್’ ಎಂದು ಓದಬಹುದೆಂಬ ವಿನೋದವನ್ನು ಬರ್ನಾರ್ಡ್ ಷಾ ಅವರ ಹೆಸರಿಗೆ ಕಟ್ಟುವುದು ವಾಡಿಕೆ. ಅದು ೧೮೫೫ರ ಪತ್ರವೊಂದರಲ್ಲೇ ಇದೆ. ಷಾ ಹುಟ್ಟಿದ್ದು ೧೮೫೬ರಲ್ಲಿ! ‘ಇನಫ್’ನ ಜಿ-ಎಚ್, ‘ವಿಮೆನ್’ನ ಓ, ‘ನೇಷನ್’ನ ಟಿ-ಐ ಕೂಡಿದ ಮೀನು ಅದು. ವಿನೋದ ಸೊಗಸು, ವಾದ ಮಾತ್ರ ಸಡಿಲು. ಶಬ್ದದ ಮೊದಲಲ್ಲಿ ಜಿ-ಎಚ್ ಎಂದೂ ಫಕಾರವಾಗುವುದಿಲ್ಲ. ಗೊಂದಲವೆಂದು ಕಾಣುವುದಕ್ಕೂ ತನ್ನದೇ ಕಟ್ಟಳೆಯುಂಟು. ‘ಸೈನ್’ನಲ್ಲಿ ಮೌನವಾಗಿರುವ ‘ಜಿ’ಯೇ ‘ಸಿಗ್ನೇಚರ್’ನಲ್ಲಿ ನುಡಿಯುತ್ತದೆ, ‘ಬಾಂಬ್’ನಲ್ಲಿ ಸುಮ್ಮನಿದ್ದ ಕೊನೆಯ ‘ಬಿ’, ‘ಬಂಬಾರ್ಡ್’ನಲ್ಲಿ ಸದ್ದು ಮಾಡುತ್ತದೆ. ಮೌನಾಕ್ಷರ ಇಲ್ಲಿ ಶಬ್ದಗಳ ರಕ್ತಸಂಬಂಧವನ್ನು ಕಾದಿರಿಸಿದ ಸಾಕ್ಷಿ.

ಕನ್ನಡ ಬೇರೆ ದಾರಿ ಹಿಡಿಯಿತು. ಹಳಗನ್ನಡದ ‘ೞ’, ‘ಱ’ಗಳ ಧ್ವನಿ ನಾಲಗೆಯಿಂದ ಮರೆಯಾದ ಮೇಲೆ ಅಕ್ಷರಗಳೂ ಬರಹದಿಂದ ಕ್ರಮೇಣ ಹೋದವು. ಬರಹ ಹಗುರವಾಯಿತು, ಬೆಲೆಯನ್ನೂ ತೆತ್ತೆವು. ತಿಳಿ ಎಂಬರ್ಥದ ‘ಅಱಿ’, ಕತ್ತರಿಸು ಎಂಬರ್ಥದ ‘ಅರಿ’, ಶತ್ರುವೆಂಬರ್ಥದ ಸಂಸ್ಕೃತದ ‘ಅರಿ’ ಇಂದು ಒಂದೇ ವೇಷದಲ್ಲಿವೆ. ನಾಶವಾಗು ಎಂಬರ್ಥದ ‘ಅೞಿ’ಯೂ ದುಂಬಿಯೆಂಬರ್ಥದ ‘ಅಳಿ’ಯೂ ಒಂದಾದವು. ಇಂಗ್ಲಿಷು ತೀರಿಕೊಂಡವರ ಪಟಗಳನ್ನು ಗೋಡೆಯ ಮೇಲೆ ಉಳಿಸಿಕೊಂಡಿತು, ನಾವು ಇಳಿಸಿದೆವು. ಆದರೂ ‘ಬರೆದಂತೆ ಓದುತ್ತೇವೆ’ ಎಂಬ ನಮ್ಮ ಹೆಮ್ಮೆ ಪೂರ್ಣ ಸತ್ಯವಲ್ಲ. ‘ಬ್ರಹ್ಮ’ನೆಂದು ಬರೆದು ‘ಬ್ರಮ್ಹ’ನೆಂದು ನುಡಿಯುವವರೇ ಹೆಚ್ಚು, ‘ಋಷಿ’ ನಮ್ಮ ಬಾಯಲ್ಲಿ ‘ರುಶಿ’ಯಾಗುತ್ತಾನೆ.

ಇದನ್ನೆಲ್ಲ ಹೇಳುವುದು ಪಾಂಡಿತ್ಯಪ್ರದರ್ಶನಕ್ಕಲ್ಲ. ಮೌನಾಕ್ಷರ ಭಾಷೆಯ ಚರಿತ್ರೆಗೆ ಸೇರಿದ ಸಂಗತಿ. ಅದು ಮಗುವಿನ ಬುದ್ಧಿಯನ್ನು ತೂಗುವ ತಕ್ಕಡಿಯಲ್ಲ. ‘ಕೆ’ಯನ್ನು ಬಿಟ್ಟು ‘ನೈಫ್’ ಬರೆದ ಹುಡುಗನ ಕಿವಿ ಸರಿಯಾಗಿಯೇ ಇದೆ. ಆಂಗ್ಲರ ನಾಲಗೆ ಸುಮಾರು ಮುನ್ನೂರು ವರ್ಷಗಳ ಹಿಂದೆ ಬಿಟ್ಟುಕೊಟ್ಟದ್ದನ್ನು ಅವನಿಗೆ ಯಾರೂ ಹೇಳಿಲ್ಲ, ಅಷ್ಟೆ. ತಪ್ಪನ್ನು ತಿದ್ದಲೇಬೇಕು. ಆದರೆ ಐವತ್ತು ಸಲ ಬರೆಸುವುದಕ್ಕೆ ಬದಲು ‘ನೀ’, ‘ನಾಟ್’, ‘ನೈಫ್’, ‘ನೋ’ಗಳನ್ನು ಒಂದೇ ಮನೆಯವರೆಂದು ಪರಿಚಯಿಸಿ, ಅವರ ಕಥೆಯನ್ನು ಹೇಳಿದರೆ ಅವು ಮರೆಯುವುದಿಲ್ಲ. ಇಂದು ಕಂಪ್ಯೂಟರೂ ಮೊಬೈಲೂ ತಪ್ಪಿನ ಕೆಳಗೆ ಕೆಂಪು ಗೆರೆ ಎಳೆಯುತ್ತವೆ. ಗೆರೆ ಎಳೆಯುವುದಕ್ಕಷ್ಟೇ ಆದರೆ ಮೇಷ್ಟರು ಬೇಕಿಲ್ಲ.

ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ವಿದ್ಯಾರ್ಥಿಗಳು, ವಿಷಯ ಬಲ್ಲವರಾಗಿಯೂ, ಕಾಗುಣಿತ ತಪ್ಪೀತೆಂಬ ಅಂಜಿಕೆಯಿಂದ ಉತ್ತರವನ್ನೇ ಬರೆಯದೆ ಬಿಡುವುದನ್ನು ಅಧ್ಯಾಪಕರೆಲ್ಲರೂ ಕಂಡಿದ್ದೇವೆ. ಅಕ್ಷರ ಮೌನವಾಗಿದ್ದರೆ ಭಾಷೆಗೆ ನಷ್ಟವಿಲ್ಲ. ಅದರ ಭಯದಿಂದ ವಿದ್ಯಾರ್ಥಿ ಮೌನವಾದರೆ, ಆ ನಷ್ಟವನ್ನು ಯಾವ ನಿಘಂಟೂ ತುಂಬಿಕೊಡಲಾರದು.