ಬರಲಿರುವ ಗ್ರಾಫಿಕ್ಸ್ ಕಾರ್ಡುಗಳು: ಕಾಯುವುದೋ, ಕೊಳ್ಳುವುದೋ?

ಹೊಸ ಗ್ರಾಫಿಕ್ಸ್ ಕಾರ್ಡುಗಳು ಬರಲಿವೆಯೆಂಬ ಸುದ್ದಿ ಹಬ್ಬಿದಾಗಲೆಲ್ಲ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿಯೂ ದಿಲ್ಲಿಯ ನೆಹರೂ ಪ್ಲೇಸಿನಲ್ಲಿಯೂ ಚೆನ್ನೈಯ ರಿಚಿ ಸ್ಟ್ರೀಟಿನಲ್ಲಿಯೂ ಗಿರಾಕಿಗಳು ಹಣವನ್ನು ಕಿಸೆಯಲ್ಲಿಯೇ ಇಟ್ಟುಕೊಂಡು ಹಿಂತಿರುಗುವುದುಂಟು. ಈಚೆಗೆ ನಮ್ಮ ಕಛೇರಿಗೆ ಬಂದ ಹೋಟೆಲ್ ನೌಕರರೊಬ್ಬರ ಕಷ್ಟವೂ ಇದೇ ಆಗಿತ್ತು. ಅವರ ತಮ್ಮನು ಆನಿಮೇಶನ್ ಕಲಿಯುತ್ತಿರುವನು. ಕಂಪ್ಯೂಟರಿನಲ್ಲಿ ಚಿತ್ರಗಳನ್ನು ರಚಿಸುವ ಈ ಬಿಡಿಭಾಗವಿಲ್ಲದೆ ಅವನ ಅಭ್ಯಾಸ ಮುಂದುವರಿಯದು. ಚೀಟಿಯ ಹಣ ಬರುವುದರಲ್ಲಿದೆ. ಈಗಲೇ ಕೊಳ್ಳಬೇಕೇ, ಕಾಯಬೇಕೇ ಎಂಬುದು ಅವರ ಪ್ರಶ್ನೆ.

ಮೊದಲು ವದಂತಿಗಳ ಬೆಲೆಯನ್ನು ತೂಗೋಣ. ನಾವು ಗಲ್ಲಾದ ಮೇಲೆ ಕುಳಿತಿದ್ದ ವರ್ಷಗಳಲ್ಲಿ ಕಂಡ ಸಂಗತಿಯೊಂದಿದೆ. ನಾಳೆ ಯಾವ ತಿಂಡಿ ಎಂಬುದು ರುಬ್ಬುವವನಿಗೂ ಗೊತ್ತು, ತರಕಾರಿ ತರುವವನಿಗೂ ಗೊತ್ತು. ಆದರೆ ಹಲಗೆಯ ಮೇಲಿನ ರೇಟನ್ನು ಧನಿಯೇ ಕಟ್ಟಕಡೆಗೆ ಬರೆಯುವನು. ಗ್ರಾಫಿಕ್ಸ್ ಕಾರ್ಡಿನ ವಿಷಯವೂ ಹಾಗೆಯೇ. ಆರ್‌ಟಿಎಕ್ಸ್ 5090 ಕಾರ್ಡಿಗೆ 32 ಜಿಬಿ ಮೆಮೊರಿ ಇರುವುದೆಂಬ ಸುದ್ದಿ ಮುಂಚಿತವಾಗಿಯೇ ಹೊರಬಿದ್ದಿತ್ತು, ಅದು ನಿಜವೂ ಆಯಿತು. ಏಕೆಂದರೆ ಅಂಥ ಸಂಗತಿಗಳು ಹಲವು ಕಾರ್ಖಾನೆಗಳ ಕೈ ದಾಟಿ ಬರುತ್ತವೆ. ಆದರೆ 5080 ಕಾರ್ಡಿನ ಕ್ರಯ ಸಾವಿರ ಡಾಲರಿಗಿಂತ ಬಹಳ ಮೇಲೇರುವುದೆಂದು ಹಲವರು ನುಡಿದಿದ್ದರು. 2025ರ ಜನವರಿಯಲ್ಲಿ ಎನ್ವಿಡಿಯಾ ಕಂಪೆನಿ ಪ್ರಕಟಿಸಿದ ಕ್ರಯ 999 ಡಾಲರು. ಆದುದರಿಂದ ಕಾರ್ಡಿನ ಒಡಲಿನ ಕುರಿತಾದ ವದಂತಿಗೆ ಅರ್ಧ ಕಿವಿ ಕೊಡಬಹುದು, ಕ್ರಯದ ವದಂತಿಗೆ ಅದೂ ಬೇಡ.

ಪ್ರಕಟವಾದ ಮಾತನ್ನಾದರೂ ಪೂರ್ತಿಯಾಗಿ ನಂಬಬಹುದೇ? ಅದೇ ಸಭೆಯಲ್ಲಿ ಎನ್ವಿಡಿಯಾದ ಮುಖ್ಯಸ್ಥರಾದ ಜೆನ್ಸನ್ ಹುವಾಂಗ್ ಅವರು, 549 ಡಾಲರಿನ 5070 ಕಾರ್ಡು ಹಿಂದಿನ 4090ರಷ್ಟು ಕೆಲಸ ಮಾಡುವುದೆಂದು ಸಾರಿದರು. 4090ರ ಕ್ರಯ 1,599 ಡಾಲರು ಎಂಬುದನ್ನು ನೆನೆದರೆ ಸಭೆ ಬೆರಗಾದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಲೆಕ್ಕದಲ್ಲಿ ಕಾರ್ಡು ತಾನೇ ರಚಿಸುವ ಒಂದೊಂದು ಚಿತ್ರದ ಜೊತೆಗೆ, ಯಂತ್ರಬುದ್ಧಿಯ ಊಹೆಯಿಂದ ಮೂಡಿಸಿದ ಮೂರು ಚಿತ್ರಗಳವರೆಗೆ ಸೇರಿದ್ದವು. ಒಂದು ಕೊಳಗ ಸಾಂಬಾರಿಗೆ ಮೂರು ಕೊಳಗ ನೀರು ಹೊಯ್ದು ನಾಲ್ಕು ಕೊಳಗವೆಂದು ಅಳೆದಂತೆ! ಆಟವಾಡುವವರ ಕಣ್ಣಿಗೆ ಅದರಿಂದ ಕೊಂಚ ಉಪಯೋಗವುಂಟೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆನಿಮೇಶನ್ ಕೆಲಸದವನಿಗೆ ಆ ಲೆಕ್ಕ ಉಪಯೋಗಕ್ಕೆ ಬಾರದು. ಪರೀಕ್ಷಕರು ಅಳೆದು ನೋಡಿದಾಗ 5070 ಕಾರ್ಡು 4090ಕ್ಕಿಂತ ಬಹಳ ಹಿಂದೆ ಉಳಿಯಿತು.

ಹಾಗಾದರೆ ವೇಗವನ್ನು ಮುಂಚಿತವಾಗಿ ಊಹಿಸುವ ಬಗೆ ಯಾವುದು? ಒಲೆ ಬದಲಾಯಿತೇ ಎಂದು ಕೇಳುವುದೇ ನಮ್ಮ ಬಗೆ. 2020ರ 30 ಸಾಲಿನ ಕಾರ್ಡುಗಳ ಚಿಪ್ಪುಗಳು ಸ್ಯಾಮ್‌ಸಂಗಿನ ಕಾರ್ಖಾನೆಯಲ್ಲಿ ತಯಾರಾದವು. 2022ರ 40 ಸಾಲಿನವು ತೈವಾನಿನ ಟಿಎಸ್ಎಂಸಿಯ ಎಷ್ಟೋ ಸೂಕ್ಷ್ಮವಾದ ವಿಧಾನದಿಂದ ತಯಾರಾದವು. ಆಗಿನ ಜಿಗಿತ ದೊಡ್ಡದು. 50 ಸಾಲಿಗೆ ಹೆಚ್ಚುಕಡಿಮೆ ಅದೇ ವಿಧಾನ ಮುಂದುವರಿಯಿತು. 4080ರಿಂದ 5080ಕ್ಕೆ ಏರಿದ ವೇಗವೂ ಅಲ್ಪವೇ. ಹೀಗಿರಲು, 2025ರಲ್ಲಿ ಹಬ್ಬಿದ ‘ಸೂಪರ್’ ಕಾರ್ಡುಗಳ ವದಂತಿಯು ನಿಜವಾದರೂ, ಹೆಚ್ಚುವುದು ಮುಖ್ಯವಾಗಿ ಮೆಮೊರಿಯೇ ಹೊರತು ವೇಗವಲ್ಲ.

ಆ ಮೆಮೊರಿಯೇ ಈಗ ತೊಡಕಿನ ಮೂಲವಾಗಿದೆ. ಇದನ್ನು ತಯಾರಿಸುವ ದೊಡ್ಡ ಕಂಪೆನಿಗಳು ಜಗತ್ತಿನಲ್ಲಿ ಮೂರು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಯಂತ್ರಬುದ್ಧಿಯ ಬೃಹತ್ ಕೇಂದ್ರಗಳು ಕೇಳಿದಷ್ಟು ಕ್ರಯ ಕೊಟ್ಟು ಕೊಳ್ಳುತ್ತಿರುವಾಗ ಇವರು ಚಿಲ್ಲರೆ ಗಿರಾಕಿಯ ಕಡೆಗೆ ಏಕೆ ತಿರುಗಿಯಾರು? 2025ರ ಕೊನೆಯಲ್ಲಿ ಮೆಮೊರಿಯ ಧಾರಣೆ ವಿಪರೀತವಾಗಿ ಏರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪೆನಿಯು ‘ಕ್ರೂಶಿಯಲ್’ ಹೆಸರಿನ ತನ್ನ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಮದುವೆಯ ಸೀಸನಿನಲ್ಲಿ ಹಾಲೆಲ್ಲ ಹಲವಾಯಿಯ ಪಾಲಾಗಿ ನಮ್ಮ ಚಹಾದ ಪಾತ್ರೆ ಖಾಲಿ ಉಳಿದ ದಿನಗಳನ್ನು ನಾವು ಮರೆತಿಲ್ಲ. 2026ರ ಜನವರಿಯ ಲಾಸ್ ವೇಗಾಸ್ ಮೇಳದಲ್ಲಿ ಎನ್ವಿಡಿಯಾ ಹೊಸ ಗ್ರಾಫಿಕ್ಸ್ ಕಾರ್ಡನ್ನು ಪ್ರಕಟಿಸಲಿಲ್ಲ. ಕಾದವರಿಗೆ ಅಗ್ಗವಾದೀತೆಂಬ ಹಳೆಯ ನಿಯಮ ಸದ್ಯಕ್ಕೆ ತಲೆಕೆಳಗಾಗಿದೆ ಎಂದೇ ನಮ್ಮ ಅಭಿಪ್ರಾಯ.

ಅಮೇರಿಕೆಯ ಡಾಲರನ್ನು ರೂಪಾಯಿಗೆ ತಿರುಗಿಸಿ ಸಂತೋಷಪಡುವವರಿಗೂ ಒಂದು ಮಾತು. 2025ರ ಆರಂಭದಲ್ಲಿದ್ದ ಸುಮಾರು 86 ರೂಪಾಯಿ ದರದಲ್ಲಿ 549 ಡಾಲರೆಂದರೆ 47 ಸಾವಿರದ ಮೇಲೆ ಚಿಲ್ಲರೆ. ಅದಕ್ಕೆ ನೂರಕ್ಕೆ 18ರ ಜಿಎಸ್‌ಟಿ ಕೂಡಿದರೆ 55 ಸಾವಿರ ದಾಟುತ್ತದೆ. ಭಾರತದಲ್ಲಿ 5070ಕ್ಕೆ ಕಂಪೆನಿ ಸಾರಿದ ಆರಂಭದ ಕ್ರಯ 59,000 ರೂಪಾಯಿ. ಅಂಗಡಿಯವನು ಮಾಲಿನ ಅಭಾವವಿರುವಾಗ ಅದರ ಮೇಲೆ ಹೇಳುವುದು ಬೇರೆ. ಹೊಸ ಕಾರ್ಡುಗಳು ಬಂದ ಮೊದಲ ವಾರಗಳಲ್ಲಿ ಸಾರಿದ ಕ್ರಯಕ್ಕೆ ಸಿಕ್ಕುವುದೇ ಅಪರೂಪ.

ನಮ್ಮಲ್ಲಿಗೆ ಬಂದವರಿಗೆ ಕೊಟ್ಟ ಉತ್ತರವನ್ನು ವಾಚಕರಿಗೂ ತಿಳಿಸುತ್ತೇವೆ. ತಮ್ಮನ ಪಾಠ ಈಗಲೇ ನಡೆಯುತ್ತಿರುವುದರಿಂದ ಕಾಯುವುದು ಬೇಡ. ದೊಡ್ಡ ದೃಶ್ಯಗಳು ಮೆಮೊರಿಯಲ್ಲಿ ಹಿಡಿಸುವುದೇ ಅವನ ಕೆಲಸದಲ್ಲಿ ಮುಖ್ಯ. ಆದಕಾರಣ 12 ಜಿಬಿಯ 5070ಕ್ಕಿಂತ ವೇಗದಲ್ಲಿ ಹಿಂದಾದರೂ, 2025ರ ಏಪ್ರಿಲಿನಲ್ಲಿ 429 ಡಾಲರಿಗೆ ಬಂದ 5060 ಟಿಐ ಕಾರ್ಡಿನ 16 ಜಿಬಿಯ ನಮೂನೆ ಅವರಿಗೆ ಸಾಕು. ಅದೇ ಹೆಸರಿನಲ್ಲಿ 8 ಜಿಬಿಯದೂ ಉಂಟು. ಪೆಟ್ಟಿಗೆಯ ಮೇಲಿನ ಅಂಕಿಯನ್ನು ಓದದೆ ಹಣ ಎಣಿಸಬಾರದು. ಹಳೆಯ ಕಾರ್ಡುಗಳಲ್ಲಿ ಕೆಲವು 2022ರವರೆಗೆ ಈಥೀರಿಯಮ್ ನಾಣ್ಯದ ಗಣಿಗಾರಿಕೆಯಲ್ಲಿ ಹಗಲಿರುಳು ದುಡಿದವು. ಬಿಲ್ಲೂ ವಾರಂಟಿಯೂ ಇಲ್ಲದ ಅಂಥವು ಬೇಡ. ಮೂರು ಅಂಗಡಿಗಳಲ್ಲಿ ರೇಟು ವಿಚಾರಿಸಿದ ಬಳಿಕ ನಮಗೂ ತಿಳಿಸುವುದಾಗಿ ಹೇಳಿ ಅವರು ರಾತ್ರಿಯ ಪಾಳಿಗೆ ಹೊರಟುಹೋದರು.