ಶಾಲು ಹೊದಿಸುವ ಮಹನೀಯರಿಗೆ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಲ್ಲಿ ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳ ಕಾಲ. ಪಂದ್ಯಾಟವೆಂದ ಮೇಲೆ ಸಭಾ ಕಾರ್ಯಕ್ರಮ. ಸಭೆಯೆಂದ ಮೇಲೆ ಸನ್ಮಾನ. ಸನ್ಮಾನವೆಂದ ಮೇಲೆ ಭಾಷಣ. ಈ ಭಾಷಣಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ‘ನಮ್ಮ ಕಾಲದವರು ಊರಿನ ಮಾನಕ್ಕಾಗಿ ಆಡುತ್ತಿದ್ದರು, ಈಗಿನವರು ಹಣಕ್ಕಾಗಿ ಆಡುತ್ತಾರೆ, ಹರಾಜಿನಲ್ಲಿ ತಮ್ಮನ್ನೇ ಮಾರಿಕೊಳ್ಳುತ್ತಾರೆ.’ ಹೇಳುವವರು ಬಹುಮಟ್ಟಿಗೆ ವ್ಯಾಪಾರಸ್ಥರು, ಗುತ್ತಿಗೆದಾರರು, ನಿವೃತ್ತ ಅಧಿಕಾರಿಗಳು. ತಮ್ಮ ಅಂಗಡಿಯನ್ನು ಊರಿನ ಮಾನಕ್ಕಾಗಿ ನಡೆಸಿದವರು ಇವರಲ್ಲಿ ಒಬ್ಬರಾದರೂ ನನ್ನ ಕಣ್ಣಿಗೆ ಬಿದ್ದಿಲ್ಲ.

ನಾನು ಹಣಕ್ಕಾಗಿ ಆಡಿದವನು. ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೈಂದೂರಿನ ಕಡೆಯ ಹಳ್ಳಿಯಿಂದ ಹದಿನಾರನೆಯ ವಯಸ್ಸಿಗೆ ಮುಂಬಯಿಗೆ ಹೋಗಿ, ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿಶಾಲೆಯಲ್ಲಿ ತೂಕಡಿಸಿ, ಪರೇಲಿನ ಮೈದಾನಗಳಲ್ಲಿ ಕಬಡ್ಡಿ ಆಡಿ, ಆ ಆಟದ ಬಲದಿಂದಲೇ ಒಂದು ಕಂಪನಿಯ ತಂಡ ಸೇರಿದೆ. ಹನ್ನೊಂದು ವರ್ಷ ಆಡಿದೆ. ಮನೆಗೆ ಹಂಚು ಹೊದಿಸಿದ್ದು, ಇಬ್ಬರು ತಂಗಿಯರ ಮದುವೆ ಮಾಡಿದ್ದು ಈ ಎರಡು ಕಾಲುಗಳಿಂದ. ನಾನು ಹೊರಟಾಗ ಅಬ್ಬೆ ಕೇಳಿದ್ದು ಒಂದೇ ಪ್ರಶ್ನೆ: ‘ಕಾಲ್ ಮುರ್ದ್ರೆ ನಿನ್ನ್ ಯಾರ್ ಕಾಂಬುದ್, ಮಗಾ?’ ಹನ್ನೊಂದನೆಯ ವರ್ಷ ಎಡಮೊಣಕಾಲು ಹೋಯಿತು. ಆಗ ಕಂಪನಿಯವರು ಇಂಗ್ಲಿಷಿನ ಒಂದು ಕಾಗದ ತೆಗೆದು ತೋರಿಸಿದರು. ವರ್ಷ ವರ್ಷವೂ ‘ಇಲ್ಲಿ ರುಜು ಹಾಕು’ ಎಂದು ಹಾಕಿಸಿಕೊಂಡದ್ದು ಅದೇ ಕಾಗದ. ಯಾರೂ ಅದನ್ನು ನನಗೆ ಓದಿ ಹೇಳಿದ್ದಿಲ್ಲ. ಅದರ ಪ್ರಕಾರ ನಾನು ಅಷ್ಟೂ ಕಾಲ ತಾತ್ಕಾಲಿಕ ನೌಕರ. ಅಬ್ಬೆಯ ಪ್ರಶ್ನೆಗೆ ಉತ್ತರ ಹೀಗೆ ಸಿಕ್ಕಿತು.

ನನ್ನ ಕಥೆ ದೊಡ್ಡದಲ್ಲ. ಇದನ್ನೇ ಲೋಕದ ಅಳತೆಯಲ್ಲಿ ಕಾಣಬೇಕಾದರೆ ಆಫ್ರಿಕದಿಂದ ಯುರೋಪಿಗೆ ಹೋದ ಫುಟ್‌ಬಾಲ್ ಆಟಗಾರರ ಕಥೆ ಓದಬೇಕು. ಮಾಲಿ ದೇಶದ ಸಲೀಫ್ ಕೈಟಾ 1967ರಲ್ಲಿ ಪ್ಯಾರಿಸಿನಲ್ಲಿ ವಿಮಾನದಿಂದ ಇಳಿದಾಗ ಕರೆದೊಯ್ಯಲು ಯಾರೂ ಸಿಗಲಿಲ್ಲ. ಆತ ಟ್ಯಾಕ್ಸಿ ಹತ್ತಿ, ಸುಮಾರು 500 ಕಿಲೋಮೀಟರ್ ದೂರದ ಸಾಂತ್ ಎತಿಯೆನ್ ಊರಿಗೆ ಹೋಗಿ ಇಳಿದ. ಬಾಡಿಗೆ ಕೊಟ್ಟದ್ದು ಆ ಊರಿನ ಕ್ಲಬ್ಬು. ವಿಳಾಸದ ಚೀಟಿ ಹಿಡಿದು ಮುಂಬಯಿ ಬಸ್ಸಿನಿಂದ ಇಳಿದ ನಮ್ಮ ಕಡೆಯ ಹುಡುಗರಿಗೆ ಈ ಪ್ರಯಾಣ ಚೆನ್ನಾಗಿ ಅರ್ಥವಾದೀತು. ಘಾನಾದ ನೀ ಲ್ಯಾಂಪ್ಟಿಯ ಕಥೆ ಇದಕ್ಕಿಂತ ಕಹಿ. 1991ರಲ್ಲಿ ಹದಿನೇಳರ ಒಳಗಿನವರ ವಿಶ್ವಕಪ್ಪಿನಲ್ಲಿ ಅತ್ಯುತ್ತಮ ಆಟಗಾರನೆನಿಸಿದ ಈ ಹುಡುಗ ಅಷ್ಟರಲ್ಲಾಗಲೇ ಬೆಲ್ಜಿಯಂ ಕ್ಲಬ್ಬಿನ ಪಾಲಾಗಿದ್ದ. ಓದುಬರಹ ಸರಿಯಾಗಿ ಬಾರದ ಅವನಿಗೆ ತಾನು ರುಜು ಹಾಕಿದ ಕರಾರಿನಲ್ಲಿ ಏನಿದೆಯೆಂದು ತಿಳಿದಿರಲಿಲ್ಲ. ಒಂದು ದೇಶದಿಂದ ಇನ್ನೊಂದಕ್ಕೆ ಮಾರಾಟವಾಗುತ್ತ ಹೋದ. ದಲ್ಲಾಳಿ ತನ್ನ ಪಾಲು ತೆಗೆದುಕೊಳ್ಳುತ್ತ ಹೋದ. ಮುಂದೆ ಈತ ಊರಿಗೆ ಮರಳಿ ಅಕ್ರಾದಲ್ಲಿ ಶಾಲೆ ತೆರೆದ. ಕೈಟಾನೂ 1990ರ ದಶಕದಲ್ಲಿ ಬಮಾಕೊದಲ್ಲಿ ಹುಡುಗರ ತರಬೇತಿ ಕೇಂದ್ರ ಕಟ್ಟಿದ. ಹಣಕ್ಕಾಗಿ ಆಡಿದವರು ಮಾಡಿದ ಕೆಲಸ ಇದು. ಊರಿನ ಮಾನದ ವಿಷಯ ಮಾತಾಡುವವರು ತಾವು ಕಟ್ಟಿಸಿದ ಮೈದಾನ ಯಾವುದೆಂದು ತೋರಿಸಲಿ.

ಇಷ್ಟೆಲ್ಲ ಸಂಕಟವಾದ ಮೇಲೆ ಫುಟ್‌ಬಾಲಿನವರು ಎರಡು ಕಾನೂನು ಮಾಡಿದರು, 2001ರಲ್ಲಿ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹದಿನೆಂಟು ತುಂಬದ ಹುಡುಗನನ್ನು ದೇಶದಿಂದ ದೇಶಕ್ಕೆ ಸಾಗಿಸಬಾರದೆಂಬುದು ಒಂದು. ಇನ್ನೊಂದು ನನಗೆ ಬಹಳ ಹಿಡಿಸಿದ್ದು. ಕರಾರು ಮುಗಿಯುವ ಮೊದಲೇ ಆಟಗಾರನನ್ನು ಹಣ ಕೊಟ್ಟು ಬೇರೆ ದೇಶದ ಕ್ಲಬ್ಬು ಕೊಂಡರೆ, ಆ ಹಣದಲ್ಲಿ ನೂರಕ್ಕೆ ಐದು ಪಾಲು ಅವನನ್ನು ಹನ್ನೆರಡರಿಂದ ಇಪ್ಪತ್ತಮೂರನೆಯ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಕಾನೂನು ಇದ್ದಮಾತ್ರಕ್ಕೆ ಬಡ ಕ್ಲಬ್ಬಿನ ಕೈಗೆ ಹಣ ಬಂದೇ ಬರುತ್ತದೆಂದಲ್ಲ; ಬೆನ್ನುಹತ್ತಿ ವಸೂಲು ಮಾಡಬೇಕಾಗುತ್ತದೆ. ಆದರೂ ತತ್ತ್ವ ಸರಿಯಾದದ್ದು. ಅಂಗಳಕ್ಕೆ ಹಕ್ಕಿದೆ ಎಂದು ಅಲ್ಲಿ ಒಪ್ಪಿದ್ದಾರೆ.

ನಮ್ಮಲ್ಲಿ? ಪ್ರೊ ಕಬಡ್ಡಿ ಲೀಗ್ ಆರಂಭವಾದದ್ದು 2014ರಲ್ಲಿ. ಆ ವರ್ಷದ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ 12.8 ಲಕ್ಷ ರೂಪಾಯಿ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತರ ಬೆಲೆ 2 ಕೋಟಿ 60 ಲಕ್ಷ ದಾಟಿತು. ಇರಾನಿನ ಶಾದ್ಲೂಯಿಗೆ 2 ಕೋಟಿ 35 ಲಕ್ಷ. ಕೀನ್ಯಾದಿಂದಲೂ ಹುಡುಗರು ಬಂದು ಈ ಲೀಗಿನಲ್ಲಿ ಆಡಿದ್ದಾರೆ. ಅಂದರೆ ಕಬಡ್ಡಿಯ ಮಟ್ಟಿಗೆ ಈಗ ನಾವೇ ಯುರೋಪು! ದೂರದಿಂದ ಬಂದ ಆಫ್ರಿಕದವನನ್ನು ಕಂಡು ‘ಭಲೆ, ಹೊಟ್ಟೆಪಾಡಿಗೆ ಎಷ್ಟು ದೂರ ಬಂದಿದ್ದಾನೆ’ ಎನ್ನುವ ನಾವು, ವಂಡ್ಸೆಯ ಹುಡುಗ ಹೋದರೆ ‘ಮಾರಿಕೊಂಡ’ ಎನ್ನುತ್ತೇವೆ. ಹರಾಜು ಎಂಬ ಶಬ್ದ ನನಗೂ ಹಿತವಲ್ಲ. ಜಾನುವಾರು ಸಂತೆಯ ವಾಸನೆ ಅದರಲ್ಲಿದೆ. ಆದರೆ ಶಬ್ದಕ್ಕೆ ಮೂಗು ಮುರಿಯುವವರು ಲೆಕ್ಕ ಕೇಳುವುದಿಲ್ಲವಲ್ಲ! ಇಷ್ಟು ಕೋಟಿ ಓಡಾಡಿದ ಹತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಒಂದು ಯುವಕ ಮಂಡಲದ ಡಬ್ಬಿಗೆ ಹಕ್ಕಿನ ಪಾಲೆಂದು ಒಂದು ರೂಪಾಯಿ ಬಿದ್ದದ್ದನ್ನು ನಾನು ಕಂಡಿಲ್ಲ. ಲೀಗಿನವರು ಆಡುವುದು ಮ್ಯಾಟಿನ ಮೇಲೆ, ನಮ್ಮ ಹುಡುಗರು ಕಲಿಯುವುದು ನೀರು ಚಿಮುಕಿಸಿ ಗಟ್ಟಿಮಾಡಿದ ಗದ್ದೆಯ ಮಣ್ಣಿನ ಮೇಲೆ. ಬರಿಗಾಲಿನಲ್ಲಿ ಪಳಗಿದವನು ಬೂಟು ಹಾಕಿ ಮ್ಯಾಟಿನ ಮೇಲೆ ತಿರುಗುವಾಗ ಮೊದಲು ತಿರುಚುವುದು ಮೊಣಕಾಲು. ಅದರ ನೋವು ನನಗೆ ಗೊತ್ತು.

ಆಟಗಾರನಿಗೆ ಆಸರೆ ಕೊಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮ ತಾಲೂಕಿನ ಗುರುರಾಜ ಪೂಜಾರಿಯವರೇ ಸಾಕ್ಷಿ. ವಾಹನ ಓಡಿಸಿ ಸಂಸಾರ ಸಾಗಿಸಿದ ತಂದೆಯ ಮಗ, ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತಲು ಕಲಿತು, ವಾಯುಪಡೆ ಸೇರಿ, 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 249 ಕಿಲೋ ಎತ್ತಿ ಬೆಳ್ಳಿ ತಂದರು. ಆ ಕೂಟದಲ್ಲಿ ಭಾರತಕ್ಕೆ ಮೊದಲ ಪದಕ ಅದೇ. ನಾಲ್ಕು ವರ್ಷಗಳ ಅನಂತರ ಬರ್ಮಿಂಗ್‌ಹ್ಯಾಮಿನಲ್ಲಿ 269 ಕಿಲೋ ಎತ್ತಿ ಕಂಚು. ಕಾರ್ಕಳ ಕಡೆಯ ಮಮತಾ ಪೂಜಾರಿಯವರು ಕಬಡ್ಡಿ ಆಡಿ ಅರ್ಜುನ ಪ್ರಶಸ್ತಿ ಪಡೆದದ್ದು ರೈಲ್ವೆಯ ನೌಕರಿಯಲ್ಲಿದ್ದು. ತಿಂಗಳ ಸಂಬಳವಿದ್ದಾಗ ಗಾಯವೆಂದರೆ ರಜೆ. ಒಂದು ಸೀಸನ್ನಿನ ಕರಾರಿದ್ದಾಗ ಗಾಯವೆಂದರೆ ಬದುಕಿನ ಕೊನೆ. ಆ ಹಳೆಯ ಆಸರೆಯೂ ಸವೆಯುತ್ತಿದೆ. ಸೈನ್ಯದ ಕೆಳದರ್ಜೆಯ ಭರ್ತಿಯೇ 2022ರಿಂದ ನಾಲ್ಕು ವರ್ಷದ ಲೆಕ್ಕಕ್ಕೆ ಇಳಿದಿದೆ. ಈ ಕುರಿತು ಸನ್ಮಾನ ಸಭೆಗಳಲ್ಲಿ ಒಬ್ಬರೂ ಬಾಯಿ ಬಿಡುವುದಿಲ್ಲ. ಶಾಲು ಹೊದಿಸುವುದು ಸುಲಭ. ಹಣ್ಣಿನ ಬುಟ್ಟಿ ಇನ್ನೂ ಸುಲಭ. ಫೋಟೋ ತೆಗೆಯುವಾಗ ಹುಡುಗ ಎಲ್ಲೋ ಮರೆಗೆ ಸರಿದು ಅಧ್ಯಕ್ಷರೇ ಮುಂದೆ ನಿಂತಿರುತ್ತಾರೆ, ಅದು ಬೇರೆ ಮಾತು.

ನನ್ನ ಬೇಡಿಕೆ ದೊಡ್ಡದೇನಲ್ಲ. ಹರಾಜಾದ ಪ್ರತಿಯೊಬ್ಬ ಹುಡುಗನ ಬೆಲೆಯ ಮೇಲೆ ನೂರಕ್ಕೆ ಐದನ್ನು ಅವನಿಗೆ ಕೊಡುವುದರಲ್ಲಿ ಮುರಿಯದೆ, ಕೊಂಡ ತಂಡದ ಮಾಲೀಕರೇ ಬೇರೆಯಾಗಿ ತೆತ್ತು, ಅವನು ಕಲಿತ ಶಾಲೆಗೆ, ಮಂಡಲಕ್ಕೆ ಕೊಡಲಿ. ಕರಾರನ್ನು ಕನ್ನಡದಲ್ಲಿ ಓದಿ ಹೇಳದೆ ರುಜು ಪಡೆಯಕೂಡದು. ಗಾಯಗೊಂಡವನ ಚಿಕಿತ್ಸೆ ಸೀಸನ್ ಮುಗಿದೊಡನೆ ಮುಗಿಯಕೂಡದು. ಊರಿನವರು ಒಂದು ವರ್ಷದ ಮಟ್ಟಿಗೆ ಸನ್ಮಾನದ ಖರ್ಚನ್ನು ಒಟ್ಟುಮಾಡಿ ಒಂದು ಮ್ಯಾಟು ಕೊಳ್ಳಲಿ. ಮೂರು ತಾಲೂಕಿಗೆ ಒಂದೊಂದಾದರೂ ಸಾಕು, ಹುಡುಗರು ಸರದಿಯಲ್ಲಿ ಆಡಿಕೊಳ್ಳುತ್ತಾರೆ.

ಯುವಕ ಮಂಡಲಕ್ಕೆ ಹಣ ಹೋದರೆ ಲೆಕ್ಕ ಯಾರು ಇಡುತ್ತಾರೆ, ಯಾವ ಹುಡುಗ ಎಲ್ಲಿ ಕಲಿತನೆಂದು ಹೇಗೆ ಗೊತ್ತು, ಎಂದು ಆಕ್ಷೇಪಿಸುವವರಿದ್ದಾರೆ. ಫುಟ್‌ಬಾಲಿನಲ್ಲಿ ಆಟಗಾರ ಹನ್ನೆರಡನೆಯ ವಯಸ್ಸಿನಿಂದ ಯಾವ ಯಾವ ಕ್ಲಬ್ಬಿನಲ್ಲಿದ್ದನೆಂದು ಬರೆದಿಡುವ ಒಂದು ಪತ್ರವೇ ಇದೆ, ಅದಕ್ಕೆ ಪಾಸ್‌ಪೋರ್ಟ್ ಎನ್ನುತ್ತಾರೆ. ಮಂದಾರ್ತಿಯ ಐದು ಮೇಳಗಳ ಹರಕೆಯಾಟದ ಸರದಿಯನ್ನು ವರ್ಷಗಟ್ಟಲೆ ಮುಂಚಿತವಾಗಿ ಬರೆದಿಟ್ಟು ನಡೆಸುವ ಸೀಮೆ ಇದು. ಹುಡುಗರ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿದೆ, ಪಂದ್ಯಾಟಗಳ ಅಂಕಪಟ್ಟಿಯಲ್ಲಿದೆ. ಆ ಅಂಕಪಟ್ಟಿಗಳನ್ನು ಪಂದ್ಯಾಟ ಮುಗಿದ ಮರುದಿನ ಕಡಲೆ ಕಟ್ಟಲು ಕೊಡದೆ ತೆಗೆದಿಡುವ ಕೆಲಸವನ್ನು ಈ ವರ್ಷದಿಂದಲೇ ಆರಂಭಿಸಬಹುದು.