ಗುಡ್ಡದ ಗಾಳಿಗೆ ಒಬ್ಬರನ್ನೇ ಬಿಟ್ಟು ಹೋಗಬ್ಯಾಡ್ರಿ

ಭಾನುವಾರ ನಸುಕಿನಲ್ಲಿ ಸೊಲ್ಲಾಪುರ, ಮಂಗಳವೇಢೆ, ಜತ್ತ, ವಿಜಯಪುರ ರಸ್ತೆಗಳಲ್ಲಿ ಸೈಕಲ್ ಗುಂಪುಗಳು ಕಾಣುವುದು ಈಗ ಸಾಮಾನ್ಯವಾಗಿದೆ. ತಲೆಗೆ ಹೆಲ್ಮೆಟ್, ಹಿಂದೆ ಮಿಣುಕುವ ಕೆಂಪು ದೀಪ, ಹ್ಯಾಂಡಲ್ ಕೆಳಗೆ ನೀರಿನ ಬಾಟಲಿ. ಡಾಕ್ಟರು, ಶಿಕ್ಷಕರು, ಬ್ಯಾಂಕ್ ನೌಕರರು, ಕಿರಾಣಿ ಅಂಗಡಿಯವರು, ಕಾಲೇಜು ಹುಡುಗರು ಹೀಗೆ ಎಲ್ಲರೂ ಇದರಲ್ಲಿ ಇದ್ದಾರೆ. 2020ರ ಲಾಕ್‌ಡೌನ್ ನಂತರ ಈ ಹವ್ಯಾಸ ಜೋರಾಗಿ ಬೆಳೆಯಿತು. ಮೊದಮೊದಲು "ಇವ್ರಿಗೆ ಮುಂಜಾನೆದ್ದು ಬ್ಯಾರೆ ಕೆಲ್ಸಿಲ್ಲೇನು" ಎಂದು ನಗುತ್ತಿದ್ದ ಚಹಾ ಅಂಗಡಿಯವರೇ ಈಗ ಇವರಿಗಾಗಿ ಬೇಗ ಒಲೆ ಹಚ್ಚುತ್ತಾರೆ.

ಇದು ಒಳ್ಳೆಯ ಬೆಳವಣಿಗೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ವಿಷಯವನ್ನು ಮಾತ್ರ ಹೇಳಲೇಬೇಕು. ಹೊರಡುವಾಗ ಹದಿನೈದು ಜನ ಒಟ್ಟಿಗೆ ಹೊರಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಗುಡ್ಡ ಬಂದ ಕೂಡಲೇ ಮೂವರು ಮುಂದೆ, ಏಳೆಂಟು ಜನ ನಡುವೆ, ಉಳಿದವರು ಚೆದುರಿ ಹಿಂದೆ. ಎಲ್ಲರಿಗಿಂತ ಹಿಂದಿರುವವರು ಪೂರಾ ಒಬ್ಬರೇ. ಸಾಮಾನ್ಯವಾಗಿ ಅವರು ಹೊಸಬರು, ಇಲ್ಲವೇ ವಯಸ್ಸಾದವರು, ಇಲ್ಲವೇ ಗೇರ್ ಇಲ್ಲದ ಸಾದಾ ಸೈಕಲ್ ತಂದ ಹುಡುಗ. ಈ ಭಾಗದ ಗುಡ್ಡಗಳಲ್ಲಿ ಹೀಗೆ ಬಿಟ್ಟು ಹೋಗುವುದು ಬರೀ ಸೌಜನ್ಯದ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆ. ಕಾರಣ ಇಲ್ಲಿಯ ಗಾಳಿ.

ಗಾಳಿಯ ತಾಲೂಕು

ಜತ್ತ ಮಳೆನೆರಳಿನ ತಾಲೂಕು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣದ ಗಾಳಿ ಕೊಂಕಣದಲ್ಲಿ, ಸಹ್ಯಾದ್ರಿಯ ನೆತ್ತಿಯಲ್ಲಿ ತನ್ನ ನೀರೆಲ್ಲ ಸುರಿದು ಇತ್ತ ಬರುತ್ತದೆ. "ಮೋಡ ಓಡ್ತಾವ, ಹನಿ ಬೀಳಂಗಿಲ್ಲ" ಎಂಬುದು ಇಲ್ಲಿಯ ರೈತರ ಹಳೆಯ ಕೊರಗು. ಮಳೆಗೆ ಬರವಿದ್ದರೂ ಗಾಳಿಗೆ ಬರವಿಲ್ಲ. ಅದನ್ನೇ ನಂಬಿ ಢಾಲಗಾಂವ, ನಾಗಜ, ಜತ್ತ ಭಾಗದ ಮಾಳಗಳ ಮೇಲೆ ಪವನಚಕ್ಕಿಗಳು ನಿಂತಿವೆ. ಕಂಪನಿಗಳು ಗಾಳಿಯನ್ನು ಅಳೆದು ನೋಡಿಯೇ ಕಂಬ ನೆಟ್ಟಿವೆ. ಅಂದಮೇಲೆ ಸೈಕಲ್ ಸವಾರರಿಗೆ ಪವನಚಕ್ಕಿಯೂ ಒಂದು ಸೂಚನಾ ಫಲಕವೇ. ಅದು ಕಂಡಲ್ಲಿ ಗಾಳಿ ಇದೆ, ಮರದ ಮರೆ ಇಲ್ಲ ಎಂದು ತಿಳಿಯಬೇಕು.

ಗಾಳಿಯ ಲೆಕ್ಕ ಬಡ್ಡಿ ಲೆಕ್ಕಕ್ಕಿಂತ ಕಠಿಣ. ತಾಸಿಗೆ 20 ಕಿ.ಮೀ. ವೇಗದಲ್ಲಿ ಹೋಗುವವನಿಗೆ ಎದುರಿನಿಂದ 20 ಕಿ.ಮೀ. ಗಾಳಿ ಬಂದರೆ ಅವನ ಎದೆಗೆ ಬಡಿಯುವುದು 40 ಕಿ.ಮೀ. ವೇಗದ ಗಾಳಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಡೆ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಇನ್ನೊಬ್ಬರ ಹಿಂದೆ ಮರೆಯಲ್ಲಿ ಹೋಗುವವರಿಗೆ ಈ ಹೊರೆ ಕಡಿಮೆಯಾಗುತ್ತದೆ. ಸಪಾಟು ರಸ್ತೆಯಲ್ಲಿ ಚೆನ್ನಾಗಿ ಮರೆ ಹಿಡಿದರೆ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಶ್ರಮ ಉಳಿಯುತ್ತದೆ. ಗುಂಪಿನಲ್ಲಿ ಹೋಗುವುದರ ಮುಖ್ಯ ಲಾಭವೇ ಇದು. ಮಾತುಕತೆ, ಫೋಟೋ ಎಲ್ಲ ಆಮೇಲೆ.

ಈಗ ಹಿಂದೆ ಉಳಿದವರ ಸ್ಥಿತಿ ನೋಡಿ. ಅವರ ಕಾಲಲ್ಲಿ ಬಲ ಕಡಿಮೆ, ಅದಕ್ಕೇ ಹಿಂದೆ ಬಿದ್ದರು. ಹಿಂದೆ ಬಿದ್ದದ್ದಕ್ಕೇ ಮರೆಯೂ ತಪ್ಪಿತು. ಬಲ ಇರುವ ಮೂವರು ಒಬ್ಬರ ಹಿಂದೊಬ್ಬರು ಆರಾಮಾಗಿ ಹೋಗುತ್ತಾರೆ. ಬಲ ಇಲ್ಲದವರು ಇಡೀ ಗಾಳಿಯನ್ನು ಒಬ್ಬರೇ ಸೀಳಬೇಕು. ಇದ್ದವರಿಗೆ ಇನ್ನಷ್ಟು, ಇಲ್ಲದವರಿಂದ ಇದ್ದದ್ದೂ ಕಿತ್ತುಕೊಂಡಂಗ ಆಯ್ತು.

ಕಾಯಬೇಕಾದ ಜಾಗ ಯಾವುದು?

ಏರಿನಲ್ಲಿ ಎಲ್ಲರೂ ಒಟ್ಟಿಗೇ ಹತ್ತಬೇಕು ಎಂದು ಯಾರೂ ಹೇಳುವುದಿಲ್ಲ. ನಾಗಜ ಘಾಟ ಇರಲಿ, ಸೊಲ್ಲಾಪುರದಿಂದ ಸುಮಾರು 45 ಕಿ.ಮೀ. ದೂರದ ತುಳಜಾಪುರದ ಘಾಟ ಇರಲಿ, ಏರಿನಲ್ಲಿ ವೇಗ ಎಂಟು-ಹತ್ತಕ್ಕೆ ಇಳಿಯುತ್ತದೆ. ಅಲ್ಲಿ ಕಾಡುವುದು ಗಾಳಿಗಿಂತ ಹೆಚ್ಚಾಗಿ ಮೈತೂಕ. ಮರೆಯಿಂದ ಸಿಗುವ ಲಾಭವೂ ಅಲ್ಲಿ ಕಡಿಮೆ. ಪ್ರತಿಯೊಬ್ಬರೂ ತಮ್ಮ ಉಸಿರಿಗೆ ತಕ್ಕಂತೆ ಹತ್ತುವುದೇ ಸರಿ.

ತಪ್ಪು ನಡೆಯುವುದು ನೆತ್ತಿ ಮುಟ್ಟಿದ ಮೇಲೆ. ಮುಂದಿನವರು ಮೇಲೆ ಬಂದು, ಎರಡು ಗುಟುಕು ನೀರು ಕುಡಿದು, "ಮುಂದ ಧಾಬಾದಾಗ ಸಿಗೂಣು" ಎಂದು ಹೊರಟೇ ಬಿಡುತ್ತಾರೆ. ಧಾಬಾ ಇರುವುದು ಮಾಳ ದಾಟಿ ಹತ್ತು-ಹನ್ನೆರಡು ಕಿ.ಮೀ. ಆಚೆ. ಆದರೆ ಗಾಳಿ ನಿಜವಾಗಿ ಶುರುವಾಗುವುದು ಈ ಮಾಳದ ಮೇಲೆಯೇ. ಏರು ಹತ್ತಿ ಸುಸ್ತಾದವರು ಅಲ್ಲಿ ಮರೆ ಇಲ್ಲದೇ ಒಬ್ಬರೇ ಹೋಗಬೇಕಾಗುತ್ತದೆ. ಧಾಬಾ ಮುಟ್ಟುವ ಹೊತ್ತಿಗೆ ಮುಂದಿನವರ ಚಹಾ ಮುಗಿದಿರುತ್ತದೆ, ಅವರು ಎದ್ದು ನಿಂತಿರುತ್ತಾರೆ. ದಣಿದವರಿಗೆ ವಿಶ್ರಾಂತಿಯೂ ಇಲ್ಲ. ಎರಡು ಸಲ ಹೀಗಾದರೆ ಮೂರನೇ ಭಾನುವಾರ ಅವರು ಬರುವುದೇ ಇಲ್ಲ. "ನಮಗ ಇದು ಆಗಂಗಿಲ್ಲ ಬಿಡ್ರಿ" ಎಂದು ಸೈಕಲ್ ಮೂಲೆಗೆ ಇಡುತ್ತಾರೆ.

ಆದ್ದರಿಂದ ಕಾಯಬೇಕಾದ್ದು ಧಾಬಾದಲ್ಲಿ ಅಲ್ಲ, ಗುಡ್ಡದ ನೆತ್ತಿಯಲ್ಲಿ. ಎಲ್ಲರೂ ಬಂದು ಸೇರಿ, ಕೊನೆಯವರು ಐದು ನಿಮಿಷ ಉಸಿರು ತೆಗೆದುಕೊಂಡ ಮೇಲೆ ಒಟ್ಟಿಗೆ ಮಾಳಕ್ಕೆ ಇಳಿಯಬೇಕು. ಇಡೀ ದಿನದ ಸವಾರಿಯಲ್ಲಿ ಇದಕ್ಕೆ ಹೋಗುವ ಹೊತ್ತು ಅರ್ಧ ತಾಸು ಇರಬಹುದು.

ಬಲ ಇದ್ದವರಿಗೆ ಅನ್ಯಾಯವೇ?

ಇದಕ್ಕೆ ಒಂದು ಆಕ್ಷೇಪ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. "ಕಾಯ್ತಾ ನಿಂತ್ರ ಮೈ ತಣ್ಣಗಾಗಿ ಕಾಲು ಹಿಡಿತಾವ. ನಾವೂ ವಾರಕ್ಕೊಮ್ಮೆ ಬರ್ತೀವಿ, ನಮಗೂ ವ್ಯಾಯಾಮ ಬೇಕಲ್ರೀ" ಎನ್ನುವುದು ಗಟ್ಟಿ ಸವಾರರ ಮಾತು. ಅದೂ ಖರೇನೇ.

ಆದರೆ ಗಾಳಿಯ ರಸ್ತೆಯಲ್ಲಿ ಬಲ ಇದ್ದವರಿಗೆ ಕೆಲಸ ಹುಡುಕಬೇಕಾಗಿಲ್ಲ. ಅವರು ಮುಂದೆ ನಿಲ್ಲಲಿ. ಸಾಮಾನ್ಯ ಸವಾರರು ಎರಡು ನಿಮಿಷ ಮುಂದಾಳು ಆದರೆ ಇವರು ಹತ್ತು ನಿಮಿಷ ಆಗಲಿ. ತೀರಾ ದಣಿದವರು ಮುಂದೆ ಬರುವುದೇ ಬೇಡ, ಹಿಂದೆಯೇ ಇರಲಿ. ಹೀಗೆ ಮಾಡಿದರೆ ಒಂದೇ ವೇಗದಲ್ಲಿ ಹೋಗುತ್ತಲೇ ಬಲ ಇದ್ದವರಿಗೆ ಬೇಕಾದಷ್ಟು ವ್ಯಾಯಾಮ, ಇಲ್ಲದವರಿಗೆ ಬೇಕಾದಷ್ಟು ಮರೆ ಸಿಗುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಮುಂದೆ ಬಂದವರು ಉಮೇದಿನಲ್ಲಿ ವೇಗ ಏರಿಸಬಾರದು. ಮುಂದಾಳು ನೋಡಬೇಕಾದ್ದು ತನ್ನ ಮೀಟರ್ ಅಲ್ಲ, ಕೊನೆಯ ಸೈಕಲ್.

ರೇಸ್ ಬೇರೆ, ಗುಂಪು ಸವಾರಿ ಬೇರೆ. ವಿಜಯಪುರ, ಬಾಗಲಕೋಟೆ, ಜಮಖಂಡಿ ಭಾಗ ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟ ನೆಲ. ಅವರ ತರಬೇತಿಯೇ ಬೇರೆ, ಅಲ್ಲಿ ಹಿಂದೆ ಬೀಳಿಸುವುದೇ ಆಟ. 2026ರ ಜನವರಿಯಲ್ಲಿ ಪುಣೆಯ ಘಾಟಗಳಲ್ಲಿ ಪುಣೆ ಗ್ರ್ಯಾಂಡ್ ಟೂರ್ ಎಂಬ ಅಂತರರಾಷ್ಟ್ರೀಯ ರೇಸ್ ನಡೆಯಿತು. ಅಂಥ ರೇಸುಗಳಲ್ಲಿ ಕೂಡ ತಂಡದ ಗಟ್ಟಿಗರು ತಮ್ಮ ನಾಯಕನನ್ನು ಗಾಳಿಯಿಂದ ಮರೆ ಮಾಡಿಕೊಂಡೇ ಕರೆದೊಯ್ಯುತ್ತಾರೆ. ಗೆಲ್ಲಲು ಹೋದವರಿಗೇ ಇಷ್ಟು ಸಹಕಾರ ಬೇಕಾದರೆ ಆರೋಗ್ಯಕ್ಕಾಗಿ ಹೋದವರಿಗೆ ಬೇಡವೇ?

ಬ್ರೆವೆ ಎಂಬ ದೂರದ ಸವಾರಿಗಳನ್ನು ಕೆಲವರು ಉದಾಹರಣೆ ಕೊಡುತ್ತಾರೆ. 200 ಕಿ.ಮೀ.ಗೆ ಹದಿಮೂರೂವರೆ ತಾಸು, 300ಕ್ಕೆ 20 ತಾಸು, 600ಕ್ಕೆ 40 ತಾಸು ಎಂಬ ಗಡುವು ಅಲ್ಲಿದೆ. ಮೊದಲನೆಯವ, ಎರಡನೆಯವ ಎಂಬ ಸ್ಥಾನ ಇಲ್ಲ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಜವಾಬ್ದಾರಿಯನ್ನು ತಾವೇ ಹೊತ್ತು ಹೋಗುತ್ತಾರೆ ಎಂಬುದು ನಿಜ. ಆದರೆ ಅವರಿಗೆ ಅದು ಮೊದಲೇ ಗೊತ್ತು. ದೀಪ, ಟ್ಯೂಬ್, ಪಂಪು, ತಿನಿಸು ಎಲ್ಲ ಕಟ್ಟಿಕೊಂಡೇ ಬಂದಿರುತ್ತಾರೆ. ಭಾನುವಾರದ ಗುಂಪಿಗೆ ಹೊಸಬರು ಬರುವುದು ಗುಂಪನ್ನು ನಂಬಿ. ಆ ನಂಬಿಕೆ ಮುರಿಯಬಾರದು.

ಬೆನ್ನುಗಾಳಿ ಎಂಬ ಸಾಲ

ಇನ್ನೊಂದು ಮೋಸ ಬೆನ್ನುಗಾಳಿಯದು. ಸೊಲ್ಲಾಪುರ ಅಥವಾ ವಿಜಯಪುರದಿಂದ ಜತ್ತಕ್ಕೆ ಬರುವವರು ಮಳೆಗಾಲದಲ್ಲಿ ಹೋಗುವಾಗಲೇ ಎದುರುಗಾಳಿ ತಿನ್ನುತ್ತಾರೆ. ತಮ್ಮ ಬಲ ಎಷ್ಟು ಎಂಬುದು ಅವರಿಗೆ ಬೇಗ ತಿಳಿಯುತ್ತದೆ, ಸಾಕಾದರೆ ತಿರುಗಿ ಹೋಗಬಹುದು. ಮಿರಜ, ಸಾಂಗಲಿಯಿಂದ ಬರುವವರ ಕಥೆ ತಿರುವುಮುರುವು. ಬರುವಾಗ ಗಾಳಿ ಬೆನ್ನು ತಳ್ಳುತ್ತದೆ, ಎಲ್ಲರಿಗೂ ತಾವೇ ಶೂರರು ಅನಿಸುತ್ತದೆ. ಆ ಗಾಳಿ ಸಾಲ ಇದ್ದಂತೆ. ತಿರುಗಿ ಬರುವಾಗ ಬಡ್ಡಿ ಸಮೇತ ಕಟ್ಟಬೇಕು.

ಲೆಕ್ಕ ಹಾಕಿ ನೋಡಿದರೆ ಗೊತ್ತಾಗುತ್ತದೆ. ಹೋಗುವಾಗ 60 ಕಿ.ಮೀ.ಯನ್ನು 24ರ ವೇಗದಲ್ಲಿ ಹೋದರೆ ಎರಡೂವರೆ ತಾಸು. ಬರುವಾಗ ವೇಗ 12ಕ್ಕೆ ಇಳಿದರೆ ಐದು ತಾಸು. ಸರಾಸರಿ 18 ಬರುತ್ತದೆ ಎಂದು ತಿಳಿದವರಿಗೆ ಸಿಗುವುದು 16. ಹತ್ತು ಗಂಟೆಗೆ ಮನೆ ಸೇರುತ್ತೇವೆ ಎಂದವರು ಮಟಮಟ ಮಧ್ಯಾಹ್ನ ಬಿಸಿಲಲ್ಲಿ ನೀರು ಮುಗಿಸಿಕೊಂಡು ನಿಂತಿರುತ್ತಾರೆ. ಬೆಳಿಗ್ಗೆ ತಣ್ಣಗಿದ್ದ ಗಾಳಿ ಹೊತ್ತು ಏರಿದಂತೆ ಜೋರಾಗುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಬೇಕು. ಆದ್ದರಿಂದ ಮಳೆಗಾಳಿ ಕಾಲದಲ್ಲಿ ಮೊದಲು ಪಡುವಣಕ್ಕೆ ಹೋಗಿ ಆಮೇಲೆ ಮೂಡಣಕ್ಕೆ ತಿರುಗುವ ದಾರಿ ಆರಿಸುವುದು ಜಾಣತನ. ಅದು ಆಗದಿದ್ದರೆ ಅರ್ಧ ದಾರಿಯಲ್ಲಿ ಅಲ್ಲ, ಮೂರನೇ ಒಂದು ಹೊತ್ತಿಗೇ ತಿರುಗಬೇಕು. ಕೊನೆಯ ಸವಾರರ ಚೀಲದಲ್ಲಿ ಎರಡು ಬಾಳೆಹಣ್ಣು, ಬೆಲ್ಲ-ಶೇಂಗಾ ಇವೆಯೋ ಇಲ್ಲವೋ ಎಂದು ಹೊರಡುವ ಮೊದಲೇ ಕೇಳುವುದು ಒಳ್ಳೇದು.

ಅಡ್ಡಗಾಳಿ ಇನ್ನೂ ಅಪಾಯ. ರೇಸಿನಲ್ಲಿ ಸವಾರರು ಅಡ್ಡಗಾಳಿಗೆ ಓರೆಯಾಗಿ ಸಾಲು ಕಟ್ಟಿ ರಸ್ತೆ ತುಂಬ ಹರಡುತ್ತಾರೆ, ಅಲ್ಲಿ ರಸ್ತೆ ಬಂದ್ ಇರುತ್ತದೆ. ನಮ್ಮ ಹೆದ್ದಾರಿಯಲ್ಲಿ ಅದು ನಡೆಯದು. ಲಾರಿ ಪಕ್ಕದಲ್ಲಿ ಹಾಯುವಾಗ ಗಾಳಿ ಒಮ್ಮೆಲೇ ನಿಂತು, ಲಾರಿ ದಾಟಿದ ಕೂಡಲೇ ಮತ್ತೆ ಬಡಿಯುತ್ತದೆ. ಆಗ ಹಗುರ ಸೈಕಲ್ ಎರಡು-ಮೂರು ಅಡಿ ಸರಿಯುವುದುಂಟು. ಆದ್ದರಿಂದ ಅಲ್ಲಿ ಮರೆಯ ಆಸೆ ಬಿಟ್ಟು, ಒಂದೇ ಸಾಲಿನಲ್ಲಿ, ನಡುವೆ ಒಂದು ಸೈಕಲ್‌ನಷ್ಟು ಜಾಗ ಬಿಟ್ಟು ಹೋಗಬೇಕು. ಮುಂದಿನವರ ಹಿಂದಿನ ಗಾಲಿಯ ಪಕ್ಕಕ್ಕೆ ನಮ್ಮ ಮುಂದಿನ ಗಾಲಿ ಬರಲೇಬಾರದು. ಅಲ್ಲಿಯೂ ಒಂಟಿಯಾಗಿ ಹೋಗುವವರಿಗಿಂತ ಹತ್ತು ಜನರ ಸಾಲು ಲಾರಿಯವರ ಕಣ್ಣಿಗೆ ಬೇಗ ಬೀಳುತ್ತದೆ.

ರಸ್ತೆಯ ಅಂಚು ಎಲ್ಲರದು

ಸವಾರರಷ್ಟೇ ಹೊಣೆಗಾರರಲ್ಲ. ಹಳ್ಳಿ ರಸ್ತೆಗಳಲ್ಲಿ ಡಾಂಬರಿನ ಅಂಚು ಕಿತ್ತು ಗೇಣುದ್ದ ಇಳಿದ ಜಾಗಗಳಿವೆ. ಗಾಳಿಗೆ ಸರಿದ ಸೈಕಲ್ ಆ ಅಂಚಿಗೆ ಸಿಕ್ಕರೆ ಬಿದ್ದಂತೆಯೇ. ಅಂಚಿಗೆ ಮುರುಮು ಹಾಕಿ ದಬಾಯಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿಕೊಂಡು ಕತ್ತಲಲ್ಲಿ ಹೋಗುವ ಟ್ರ್ಯಾಕ್ಟರ್‌ಗಳಿಗೆ ಹಿಂದೆ ರಿಫ್ಲೆಕ್ಟರ್ ಇರುವಂತೆ ಕಾರ್ಖಾನೆಗಳು, ಪೊಲೀಸರು ನೋಡಿಕೊಳ್ಳಬೇಕು. ಗಡಿಯ ಆಚೆ-ಈಚೆ ಎರಡೂ ಸರಕಾರಗಳ ಲೋಕೋಪಯೋಗಿ ಇಲಾಖೆಗಳಿಗೆ ಈ ಮಾತು ಅನ್ವಯ. ಗಡಿ ಕಲ್ಲು ದಾಟಿದ ಕೂಡಲೇ ಗಾಳಿಯೇನೂ ನಿಲ್ಲುವುದಿಲ್ಲ.

ಇದು ಭಾನುವಾರದ ಸವಾರರಿಗಾಗಿ ಮಾತ್ರ ಕೇಳುವ ಸೌಲಭ್ಯವಲ್ಲ. ಇದೇ ಅಂಚಿನಲ್ಲಿ ವಾರದ ಆರು ದಿನ ಹೈಸ್ಕೂಲಿನ ಮಕ್ಕಳು ಸೈಕಲ್ ತುಳಿಯುತ್ತಾರೆ. ವಾಡೆ, ವಸ್ತಿಗಳಿಂದ ಕನ್ನಡ ಶಾಲೆಗೂ, ಮರಾಠಿ ಶಾಲೆಗೂ ಅದೇ ದಾರಿ, ಅದೇ ಗಾಳಿ. ಅವರಿಗೆ ಗೇರ್ ಇಲ್ಲ, ಬೆನ್ನ ಮೇಲೆ ಪುಸ್ತಕದ ಹೊರೆ ಇದೆ. ಆದರೂ ನಾಲ್ಕು ಹುಡುಗಿಯರು ಕೂಡಿ ಹೊರಟರೆ ನಾಲ್ವರೂ ಕೂಡಿಯೇ ಶಾಲೆ ಮುಟ್ಟುತ್ತಾರೆ. ಒಬ್ಬಳ ಚೈನ್ ಬಿದ್ದರೆ ಉಳಿದ ಮೂವರೂ ಇಳಿದು ನಿಲ್ಲುತ್ತಾರೆ.

ಗಡಿಭಾಗದ ಜನರಿಗೆ ಇದು ಹೊಸ ಪಾಠವೂ ಅಲ್ಲ. ಗುಡ್ಡಾಪುರದ ದಾನಮ್ಮದೇವಿಗೆ ನಡೆದು ಹೋಗುವವರಲ್ಲಿ, ಪಂಢರಪುರದ ದಿಂಡಿಯಲ್ಲಿ ಮೊದಲು ಮುಟ್ಟಿದವರಿಗೆ ಹೆಚ್ಚಿನ ಪುಣ್ಯ ಎಂದು ಯಾರೂ ಲೆಕ್ಕ ಇಟ್ಟಿಲ್ಲ. ಕಾಲು ಗುಳ್ಳೆ ಬಂದ ಮುದುಕಿ ಮುಕ್ಕಾಮಿಗೆ ಬಂದಳೋ ಇಲ್ಲವೋ ಎಂದು ವಿಚಾರಿಸಿಯೇ ಊಟಕ್ಕೆ ಕೂಡುವ ರೂಢಿ ಇಲ್ಲಿಯದು. ಸೈಕಲ್ ಗುಂಪುಗಳು ಪರದೇಶದ ಹೆಲ್ಮೆಟ್, ಗೇರ್ ತಂದುಕೊಳ್ಳಲಿ, ಜೊತೆಗೆ ಈ ರೂಢಿಯನ್ನೂ ಇಟ್ಟುಕೊಳ್ಳಲಿ.

ಮುಂದಿನ ಮಳೆಗಾಳಿ ಶುರುವಾಗುವ ಮೊದಲೇ ಪ್ರತಿ ಗುಂಪೂ ಕೂತು ಮೂರು ನಿಯಮ ಮಾಡಿಕೊಳ್ಳಬೇಕು. ನೆತ್ತಿಯಲ್ಲಿ ಎಲ್ಲರಿಗಾಗಿ ಕಾಯುವುದು. ಗಾಳಿಯ ಮಾಳದಲ್ಲಿ ಗಟ್ಟಿಗರು ಮುಂದೆ ನಿಲ್ಲುವುದು. ಪ್ರತಿ ಸವಾರಿಗೆ ಒಬ್ಬ ಅನುಭವಿಯನ್ನು, ಪಂಪು ಮತ್ತು ಟ್ಯೂಬ್ ಸಮೇತ, ಎಲ್ಲರ ಹಿಂದೆ ಇರಲು ನೇಮಿಸುವುದು. ಇಷ್ಟು ಮಾಡಿದರೆ ಸಾದಾ ಸೈಕಲ್ ತಂದ ಹುಡುಗನೂ, ಐವತ್ತು ದಾಟಿದ ಮಾಸ್ತರರೂ ಮುಂದಿನ ಭಾನುವಾರ ಮತ್ತೆ ಬರುತ್ತಾರೆ.